ಚೀಟಿ ಬರೆಯುವ ಮೇಜಿನ ಹಿಂದೆ

ಟೀ ಶರ್ಟನ್ನು ಕೊನೆಗೆ ಮಾಡಿಸು, ಮಗೂ. ಬ್ಯಾನರು, ಲೋಗೊ, ಉದ್ಘಾಟನೆಗೆ ಕುಲಪತಿಗಳ ಬಿಡುವು ಕೇಳುವುದು, ಎಲ್ಲವೂ ಆಮೇಲೆ. ನಿಮ್ಮ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದಲ್ಲಿ ವಿದ್ಯಾರ್ಥಿ ಸ್ವಯಂಸೇವಕರನ್ನು ನಡೆಸುವ ಹೊಣೆ ನಿನಗೆ ಬಂತು ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಂಥದೇ ಒಂದು ಕೇಂದ್ರದಲ್ಲಿ ಸಿಸ್ಟರ್ ಆಗಿ ನನ್ನ ಸರ್ವೀಸೆಲ್ಲ ಕಳೆಯಿತು. ಆಗಸ್ಟಿನಲ್ಲಿ ಬಾಗಿಲ ತುಂಬ ನಿಂತ ಹುಡುಗ ಹುಡುಗಿಯರು ದೀಪಾವಳಿ ಹೊತ್ತಿಗೆ ಒಬ್ಬಿಬ್ಬರಾಗಿ ಉಳಿಯುವುದನ್ನು ವರ್ಷ ವರ್ಷವೂ ಕಂಡಿದ್ದೇನೆ. ಉಳಿದ ಆ ಒಬ್ಬಿಬ್ಬರಿಂದ ಎಷ್ಟು ಜೀವಕ್ಕೆ ಆಸರೆಯಾಯಿತು ಎಂಬುದನ್ನೂ ಕಂಡಿದ್ದೇನೆ. ದೊಡ್ಡಮ್ಮ ಅನ್ನುವ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಮೊದಲ ವಾರ ಯಾರಿಗೂ ಕೆಲಸ ಹಂಚಬೇಡ. ಬೆಳಿಗ್ಗೆ ಚೀಟಿ ಬರೆಯುವ ಹೊತ್ತಿಗೆ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಸುಮ್ಮನೆ ಕೂರು. ಯಾರು ಬರುತ್ತಾರೆ, ಎಲ್ಲಿ ತಡೆದು ನಿಲ್ಲುತ್ತಾರೆ, ಯಾರು ಬಾಗಿಲವರೆಗೂ ಬಂದು ವಾಪಸ್ ಹೋಗುತ್ತಾರೆ ಅಂತ ನೋಡು. ಕ್ಲಾಸಿನ ಬಿಡುವಿನಲ್ಲಿ ಒಮ್ಮೆಲೇ ಜನ ನುಗ್ಗುತ್ತಾರೆ, ಆಗ ಚೀಟಿ ಬರೆಯುವವರಿಗೆ ತಲೆ ಎತ್ತಲು ಆಗುವುದಿಲ್ಲ. ಗುರುತಿನ ಚೀಟಿ ಹಾಸ್ಟೆಲಿನಲ್ಲೇ ಬಿಟ್ಟು ಬಂದವನು ಬೈಸಿಕೊಳ್ಳುತ್ತೇನೆಂದು ಹೆದರಿ ಹೊರಟುಬಿಡುತ್ತಾನೆ. ಡಾಕ್ಟರು ಬರೆದುಕೊಟ್ಟ ರಕ್ತಪರೀಕ್ಷೆಗೆ ಎಲ್ಲಿ ಹೋಗಬೇಕೆಂದು ಗೊತ್ತಾಗದೆ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದವರು ಮತ್ತೆ ಬರುವುದೇ ಇಲ್ಲ. ನಿನ್ನ ಜನಕ್ಕೆ ಕೆಲಸ ಇರುವುದು ಇಂಥ ಜಾಗಗಳಲ್ಲಿ. ಡಾಕ್ಟರು, ಸಿಸ್ಟರು, ಫಾರ್ಮಸಿಸ್ಟ್ ಮೂವರನ್ನೂ ಬೇರೆ ಬೇರೆಯಾಗಿ ಕೇಳು. ಆಯಾಳನ್ನು ಕೇಳಲು ಮರೆಯಬೇಡ. ಯಾವ ಹುಡುಗಿ ಎಷ್ಟು ಹೊತ್ತು ಬಾಗಿಲಲ್ಲಿ ನಿಂತು ಅತ್ತಳೆಂಬುದು ಡಾಕ್ಟರಿಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ.

ನಿನ್ನ ಗುಂಪಿಗೆ ಎನ್‌ಎಸ್‌ಎಸ್‌ನವರೂ ಬರುತ್ತಾರೆ. ಆ ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮಶತಾಬ್ದಿ ವರ್ಷದಲ್ಲಿ. ಆಗಿನ ಕೇಂದ್ರ ಶಿಕ್ಷಣ ಸಚಿವರು ಡಾ. ವಿ.ಕೆ.ಆರ್.ವಿ. ರಾವ್, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು. 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ ಅದು ಮೊದಲಾಯಿತು. ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಿದರೆ ಪ್ರಮಾಣಪತ್ರ ಎನ್ನುವ ಲೆಕ್ಕ ನಿನಗೆ ಗೊತ್ತೇ ಇದೆ. ನಿನ್ನ ಗುಂಪಿಗೆ ಬರುವ ಅರ್ಧ ಜನ ಆ ಗಂಟೆಗಾಗಿ ಬರುತ್ತಾರೆ. ಅವರನ್ನು ಕೀಳಾಗಿ ಕಾಣಬೇಡ. ಗಂಟೆಗೆಂದು ಬಂದವನಿಗೆ ಮೊದಲ ದಿನವೇ ಜ್ವರದಲ್ಲಿ ನಡುಗುತ್ತಿರುವ ಒಬ್ಬನನ್ನು ಹಾಸ್ಟೆಲ್ ಕೋಣೆವರೆಗೆ ಬಿಟ್ಟು ಬಾ ಎಂದು ಹೇಳು, ಮಾರನೆಯ ದಿನ ಹೇಗಿದ್ದಾನೆ ನೋಡಿಕೊಂಡು ಬಾ ಎಂದು ಕಳಿಸು. ಎಷ್ಟೋ ಜನ ಅಲ್ಲಿಂದಾಚೆಗೆ ಗಂಟೆ ಕೇಳುವುದನ್ನೇ ಬಿಟ್ಟರು. ಆದರೆ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರು. ಬಾರದವನ ಹೆಸರಿಗೆ ಸಹಿ ಹಾಕಬೇಡ, ಎಂಥ ಗೆಳೆಯನಾದರೂ ಸರಿ. ಒಂದು ಸುಳ್ಳು ಹಾಜರಿ ಬಿದ್ದ ಮೇಲೆ ನಿಜವಾಗಿ ಬಂದವರ ಹಾಜರಿಗೂ ಬೆಲೆಯಿರದು.

ಗುಂಪು ದೊಡ್ಡದಾಗಲಿ ಎಂದು ಆಸೆಪಡಬೇಡ. ಪಟ್ಟಿಯಲ್ಲಿ ನೂರು ಹೆಸರಿದ್ದು ಬುಧವಾರ ಬೆಳಿಗ್ಗೆ ಮೇಜಿನ ಹಿಂದೆ ಯಾರೂ ಇಲ್ಲದಿದ್ದರೆ ಸಿಸ್ಟರು ನಿಮ್ಮನ್ನು ನಂಬಿ ಯಾವ ಕೆಲಸವನ್ನೂ ಕೊಡುವುದಿಲ್ಲ, ಕೊಡಲೂಬಾರದು. ಒಂದು ಪಾಳಿಗೆ ಇಬ್ಬರು, ಒಬ್ಬ ಹುಡುಗ ಒಬ್ಬ ಹುಡುಗಿ. ಮುಟ್ಟಿನ ತೊಂದರೆ ಹೇಳಿಕೊಳ್ಳಬೇಕಾದ ಹುಡುಗಿ ಹುಡುಗನ ಮುಖ ನೋಡಿ ತಲೆನೋವು ಅನ್ನುತ್ತಾಳೆ. ತೊಡೆಸಂದಿಯ ಹುಳುಕಡ್ಡಿ ತೋರಿಸಬೇಕಾದ ಹುಡುಗ ಹುಡುಗಿಯ ಮುಂದೆ ಶೀತ ಅನ್ನುತ್ತಾನೆ. ಇಂಟರ್ನಲ್ಸ್ ಇರುವ ವಾರ ಯಾರೂ ಬರಲಾರರೆಂದು ಮೊದಲೇ ತಿಳಿದು ಬೇರೆ ವಿಭಾಗದವರನ್ನು ಹಾಕು. ಬರಲಾಗದವನು ಹಿಂದಿನ ರಾತ್ರಿಯೇ ಹೇಳಿ ತನ್ನ ಬದಲಿಗೆ ಒಬ್ಬರನ್ನು ಒಪ್ಪಿಸಬೇಕು, ಇದು ಮೊದಲ ದಿನದ ನಿಯಮವಾಗಿರಲಿ.

ಈಗ ಮುಖ್ಯ ಮಾತು. ಏನು ಮಾಡಬಾರದು ಅನ್ನುವುದನ್ನು ಏನು ಮಾಡಬೇಕು ಅನ್ನುವುದಕ್ಕಿಂತ ಮೊದಲು ಕಲಿಸು. ಸ್ವಯಂಸೇವಕ ಮಾತ್ರೆ ಕೊಡಬಾರದು. ಒಂದೇ ಒಂದು ಮಾತ್ರೆಯೂ ಕೂಡದು. ಮಳೆಗಾಲದಲ್ಲಿ ಹಾಸ್ಟೆಲಿನಲ್ಲಿ ಜ್ವರ ಹಬ್ಬಿದಾಗ ಒಬ್ಬ ಹುಡುಗ ಮೈಕೈ ನೋವೆಂದು ಗೋಗರೆಯುತ್ತಾನೆ; ಪಕ್ಕದಲ್ಲೇ ಬೀರು ಇದೆ, ನೋವಿನ ಮಾತ್ರೆ ಇದೆ, ಕೊಟ್ಟರೆ ಪುಣ್ಯ ಅನ್ನಿಸುತ್ತದೆ. ಆ ಜ್ವರ ಡೆಂಗಿ ಆಗಿದ್ದರೆ? ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸಬಲ್ಲವು. ಡೆಂಗಿಯ ಇನ್ನೊಂದು ಮೋಸ ಏನೆಂದರೆ, ಅಪಾಯ ಬರುವುದು ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೆಯ ದಿನದ ಒಳಗೆ. ಜ್ವರ ಬಿಟ್ಟಿತೆಂದು ರೂಮ್‌ಮೇಟು ಸಮಾಧಾನಪಟ್ಟು ಕ್ಲಾಸಿಗೆ ಹೋದ ದಿನವೇ ಹೊಟ್ಟೆನೋವು ಜೋರಾಗುತ್ತದೆ, ಬಿಡದೆ ವಾಂತಿಯಾಗುತ್ತದೆ, ವಸಡಿನಲ್ಲಿ ರಕ್ತ ಕಾಣಿಸುತ್ತದೆ, ಹುಡುಗ ಮಂಕಾಗಿ ಬಿದ್ದಿರುತ್ತಾನೆ. ಮಾತ್ರೆ ಕೊಡುವುದು ನಿನ್ನ ಹುಡುಗರ ಕೆಲಸವಲ್ಲ. ಜ್ವರ ಇಳಿದ ಮಾರನೆಯ ದಿನ ಆ ಕೋಣೆಯ ಬಾಗಿಲು ತಟ್ಟಿ, ಹೊಟ್ಟೆನೋವಿದೆಯಾ, ವಾಂತಿ ಆಯ್ತಾ, ಮೂತ್ರ ಸರಿಯಾಗಿ ಆಗ್ತಿದೆಯಾ ಎಂದು ಕೇಳಿ ಡಾಕ್ಟರಿಗೆ ತಿಳಿಸುವುದು ಅವರ ಕೆಲಸ. ಸಿಬ್ಬಂದಿ ಕಡಿಮೆಯಿರುವ ಕೇಂದ್ರದಲ್ಲಿ ಕೋಣೆಯಿಂದ ಕೋಣೆಗೆ ಹೋಗಿ ಕೇಳಲು ಸಿಸ್ಟರಿಗೆ ಸಾಧ್ಯವೇ ಇಲ್ಲ. ಜೊತೆಗೆ, ವಾರಕ್ಕೊಮ್ಮೆ ಹಾಸ್ಟೆಲಿನ ಡ್ರಮ್ಮು, ಬಕೆಟ್ಟು, ಕೂಲರಿನ ನೀರು ಚೆಲ್ಲಿ ಉಜ್ಜಿ ಒಣಗಿಸುವ ಕೆಲಸ ಹಿಡಿಯಿರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರದ ಲೆಕ್ಕ.

ಮಾತ್ರೆ ಮುಟ್ಟದವರಿಂದ ಏನು ಪ್ರಯೋಜನ ಎಂದು ಯಾರಾದರೂ ಮುಖ ಸಪ್ಪೆ ಮಾಡಿದರೆ ಬನಗಾಂವ್ ಕಥೆ ಹೇಳು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ತುಂಬಿಹೋದರು, ಕಾಲರಾ ಎದ್ದಿತು. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲದೆ ರೋಗಿಗಳು ನೆಲದ ಮೇಲೆ ಮಲಗಿದ್ದರು, ನರಕ್ಕೆ ಕೊಡುವ ಡ್ರಿಪ್ಪು ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಅದನ್ನು ಲೋಟದಲ್ಲಿ ಹಿಡಿದು ಕುಡಿಸಿದವರು ರೋಗಿಯ ಅಣ್ಣ, ತಾಯಿ, ಗಂಡ, ಪಕ್ಕದ ಮನೆಯವರು. ಡಾಕ್ಟರಿಕೆ ಓದದ ಕೈಗಳು ಅವು. ಅಂಥ ಶಿಬಿರಗಳಲ್ಲಿ ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ಮಹಾಲನಬಿಸ್ ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. ಅವರು ತೀರಿಕೊಂಡ ಮರುವರ್ಷ, 2023ರಲ್ಲಿ, ಪದ್ಮವಿಭೂಷಣ ಬಂತು. ನೀನು ಈ ಕಥೆಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಎಷ್ಟು ನೀರಿಗೆ ಎಷ್ಟು ಪುಡಿ, ಯಾರಿಗೆ ಡ್ರಿಪ್ಪೇ ಬೇಕು ಎಂಬುದನ್ನು ತೀರ್ಮಾನಿಸಿದವರು ವೈದ್ಯರು. ಬಿಡದೆ ಕೂತು ಗುಟುಕು ಗುಟುಕಾಗಿ ಕುಡಿಸಿದವರು ಮನೆಯವರು. ಮೆಸ್ಸಿನ ಊಟ ಕೆಟ್ಟು ಅರ್ಧ ಹಾಸ್ಟೆಲಿಗೆ ಭೇದಿ ಹತ್ತಿದ ರಾತ್ರಿ ನಿನ್ನ ಹುಡುಗರು ಮಾಡಬೇಕಾದದ್ದು ಇದನ್ನೇ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣ, ಪೂರ್ತಿ ಪೊಟ್ಟಣ. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕುವಂತಿಲ್ಲ. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯ ಅದಕ್ಕೆ ಬದಲಿಯಲ್ಲ.

ಇಂಜೆಕ್ಷನ್ ಕೋಣೆಯ ಕಸದ ಡಬ್ಬಿಯ ಹತ್ತಿರಕ್ಕೂ ಹೋಗಬೇಡಿ. ಹಳದಿ, ಕೆಂಪು, ಬಿಳಿ, ನೀಲಿ ಎಂದು ಆಸ್ಪತ್ರೆ ಕಸದ 2016ರ ನಿಯಮದಲ್ಲಿ ಬೇರೆ ಬೇರೆ ಬಣ್ಣ ಇಟ್ಟಿದ್ದಾರೆ, ಸೂಜಿಗೆ ಬಿಳಿಯ ಗಟ್ಟಿ ಡಬ್ಬಿ. ತಿಳಿದಿರಲಿ, ಕೈ ಹಾಕುವುದು ಬೇಡ. ಎಲ್ಲಾದರೂ ಸೂಜಿ ಚುಚ್ಚಿತೋ, ಹಿಂಡಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಆ ಗಳಿಗೆಯಲ್ಲೇ ಡಾಕ್ಟರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ನಾಚಿಕೆಯಿಂದ ಮುಚ್ಚಿಟ್ಟರೆ ಆ ಹೊತ್ತು ಕೈತಪ್ಪುತ್ತದೆ.

ಇನ್ನು ಗುಟ್ಟಿನ ವಿಷಯ. ಇದೊಂದನ್ನು ನೀನು ಉಳಿಸಿಕೊಂಡರೆ ಮಿಕ್ಕದ್ದರಲ್ಲಿ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ. ಕ್ಯಾಂಪಸ್ ಅಂದರೆ ಒಂದು ಸಣ್ಣ ಊರು. ಆ ಊರಿನಲ್ಲಿ ಯಾರು ಯಾವಾಗ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದರು ಎನ್ನುವುದೇ ಸುದ್ದಿ. ಒಬ್ಬ ಹುಡುಗಿ ಎರಡು ಸಲ ಬಂದಳು ಅಂದರೆ ಸಾಕು, ಮೂರನೆಯ ಸಲಕ್ಕೆ ಕಥೆ ಹುಟ್ಟಿರುತ್ತದೆ. ದೊಡ್ಡ ಆಸ್ಪತ್ರೆಗಿಂತ ಇಲ್ಲಿ ಗುಟ್ಟು ಕಾಯುವುದು ಕಷ್ಟ, ಏಕೆಂದರೆ ಚೀಟಿ ಬರೆಯುವವಳು ಅವಳದೇ ಕ್ಲಾಸಿನವಳು. ಅವಳಿಗೆ ಯಾವ ದುರುದ್ದೇಶವೂ ಇರುವುದಿಲ್ಲ. ಕಾಳಜಿಯಿಂದಲೇ ಗೆಳತಿಯ ಹತ್ತಿರ, ಪಾಪ, ಅವಳಿಗೆ ಹುಷಾರಿಲ್ಲ ಕಣೆ, ಅನ್ನುತ್ತಾಳೆ. ಹಾಗೆ ಹೊರಬಿದ್ದ ಮಾತು ಸಂಜೆಗೆ ಮೆಸ್ಸು ತಲುಪುತ್ತದೆ. ಆಮೇಲೆ ಆ ಹುಡುಗಿಯೂ ಬರುವುದಿಲ್ಲ, ಅವಳ ಪಾಡು ನೋಡಿದ ಇನ್ನೂ ಹತ್ತು ಜನ ಬರುವುದಿಲ್ಲ.

ಆದ್ದರಿಂದ ಕೆಲವು ವ್ಯವಸ್ಥೆ ಮಾಡು. ಚೀಟಿ ಮೇಜಿನಲ್ಲಿ ಹೆಸರು ಮತ್ತು ನೋಂದಣಿ ಸಂಖ್ಯೆ ಮಾತ್ರ ಕೇಳಲಿ. ಏನಾಗಿದೆ ಎಂಬುದು ಒಳಗೆ ಡಾಕ್ಟರ ಹತ್ತಿರ. ರಿಜಿಸ್ಟರ್ ಮುಖ ಮೇಲಾಗಿ ಬಿಚ್ಚಿಟ್ಟಿರಬಾರದು. ಸರದಿಯವರು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಲ್ಲದಂತೆ ಕುರ್ಚಿ ಹಾಕಿಸು. ವಾಟ್ಸ್ಆ್ಯಪ್ ಗುಂಪಿನಲ್ಲಿ ಡ್ಯೂಟಿ ಬದಲಾವಣೆ ಬಿಟ್ಟು ಬೇರೇನೂ ಬರಬಾರದು. ರೋಗಿಯ ಹೆಸರಿಲ್ಲದಿದ್ದರೂ ಸರಿ, ಇಂಥ ಬ್ಲಾಕಿನ ಇಂಥ ಕೋಣೆಯವರು ಅಂದರೂ ಗುರುತು ಹತ್ತುತ್ತದೆ. ಫೋಟೊ ಅಂತೂ ಬೇಡವೇ ಬೇಡ, ಡ್ರಿಪ್ಪು ಹಾಕಿಸಿಕೊಂಡು ಮಲಗಿದವರ ಪಕ್ಕ ನಿಂತು ಸೇವೆ ಮಾಡುತ್ತಿದ್ದೇವೆಂದು ತೋರಿಸುವ ಫೋಟೊ. ಪಾಳಿಯಲ್ಲಿದ್ದಾಗ ತನ್ನ ಗೆಳೆಯನೋ ಹಗೆಯೋ ಬಂದರೆ ಸ್ವಯಂಸೇವಕ ತಾನಾಗಿಯೇ ಎದ್ದು ಜೊತೆಯವನಿಗೆ ಜಾಗ ಬಿಡಬೇಕು.

ವಾರ್ಡನ್ ಕೇಳುತ್ತಾರೆ, ಹುಡುಗಿಗೆ ಏನಾಗಿತ್ತು ಅಂತ. ಊರಿನಿಂದ ಅಪ್ಪ ಫೋನು ಮಾಡಿ ಕೇಳುತ್ತಾರೆ. ವಿಭಾಗದ ಮೇಷ್ಟರು ಹಾಜರಿಯ ನೆಪದಲ್ಲಿ ಕೇಳುತ್ತಾರೆ. ಇವರಿಗೆಲ್ಲ ಒಂದೇ ಉತ್ತರ ಕಲಿಸಿಡು: “ಸರ್, ಅದು ನಮಗೆ ಗೊತ್ತಿರೋದಿಲ್ಲ, ಡಾಕ್ಟರನ್ನೇ ಕೇಳಬೇಕು.” ದೊಡ್ಡವರ ಮುಂದೆ ಹೀಗೆ ಹೇಳಲು ನಮ್ಮ ಮಕ್ಕಳಿಗೆ ಹೆದರಿಕೆ, ಅದಕ್ಕೇ ತರಬೇತಿಯಲ್ಲಿ ಒಬ್ಬರು ವಾರ್ಡನ್ ಆಗಿ, ಒಬ್ಬರು ಅಪ್ಪ ಆಗಿ ಕೇಳಿಸಿ, ಬಾಯಿ ಬಿಟ್ಟು ಹೇಳಿಸು. ಕಾನೂನೂ ನಮ್ಮ ಮಕ್ಕಳ ಬೆನ್ನಿಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದನ್ನು ರೋಗಿಯ ಹಕ್ಕಾಗಿ ಕೊಟ್ಟಿದೆ. ಅದೇ ವರ್ಷದ ಎಚ್‌ಐವಿ ಕಾಯ್ದೆ ಒಬ್ಬರ ಸೋಂಕಿನ ಸುದ್ದಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದನ್ನು ನಿಷೇಧಿಸಿದೆ.

ಗುಟ್ಟಿಗೂ ಒಂದು ಮಿತಿ ಇದೆ. ಬದುಕಲು ಇಷ್ಟವಿಲ್ಲ ಅನ್ನುವ ಮಾತು ಯಾರ ಬಾಯಿಂದ ಬಂದರೂ ಅದನ್ನು ನಿನ್ನ ಹುಡುಗರು ಒಬ್ಬರೇ ಎದೆಯಲ್ಲಿಟ್ಟುಕೊಳ್ಳಬಾರದು. ಯಾರಿಗೂ ಹೇಳಬೇಡ ಎಂದು ಕೈ ಹಿಡಿದು ಕೇಳಿಕೊಂಡರೂ, “ನಿನ್ನನ್ನು ಬಿಟ್ಟು ಹೋಗಲ್ಲ, ಆದರೆ ಡಾಕ್ಟರಿಗೆ ಹೇಳಲೇಬೇಕು, ಇಬ್ಬರೂ ಹೋಗೋಣ ಬಾ” ಎಂದು ನೇರವಾಗಿ ಹೇಳಬೇಕು. ಒಂಟಿಯಾಗಿ ಬಿಡಬಾರದು. ಕೇಂದ್ರ ಮುಚ್ಚಿದ ರಾತ್ರಿಯಾದರೆ ಟೆಲಿ ಮನಸ್ ಇದೆ, 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ನಿಂತಿದೆ, ಕನ್ನಡದಲ್ಲೇ ಮಾತಾಡಬಹುದು, ದಿನದ ಯಾವ ಹೊತ್ತಿನಲ್ಲೂ. ಪ್ರಾಣಕ್ಕೇ ಕೈ ಹಾಕಿಕೊಂಡವರಿದ್ದರೆ ಮೊದಲು 108. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ರೂಮ್‌ಮೇಟುಗಳು ಮುಚ್ಚಿಡುತ್ತಾರೆ. ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ಇದನ್ನು ಹಾಸ್ಟೆಲ್ ಹಾಸ್ಟೆಲಿಗೂ ಹೋಗಿ ಹೇಳಿ.

108ರ ಮಾತು ಬಂತಲ್ಲ, ಒಂದು ಸಂಜೆ ನೀನೇ ಕ್ಯಾಂಪಸ್ ಸುತ್ತಿ ಬಾ. ರಾತ್ರಿ ಹತ್ತರ ಮೇಲೆ ಯಾವ ಗೇಟು ತೆರೆದಿರುತ್ತದೆ? ಬೀಗದ ಕೈ ಯಾವ ಕಾವಲುಗಾರನ ಹತ್ತಿರ ಇರುತ್ತದೆ? ಹುಡುಗಿಯರ ಹಾಸ್ಟೆಲಿನ ಹಿಂದಿನ ಬ್ಲಾಕಿಗೆ ವ್ಯಾನು ಹೋಗುತ್ತದೆಯೇ? ಆಂಬುಲೆನ್ಸು ಮುಖ್ಯ ಗೇಟಿಗೆ ಬಂದು, ಒಳಗೆ ದಾರಿ ಗೊತ್ತಾಗದೆ ಸುತ್ತುವ ಹೊತ್ತು ಬಹಳ ಬೆಲೆಬಾಳುತ್ತದೆ. ಫೋನು ಮಾಡಿದವರಲ್ಲದೆ ಇನ್ನೊಬ್ಬರು ಗೇಟಿಗೆ ಓಡಿ ನಿಲ್ಲಬೇಕು ಎಂಬುದನ್ನು ಅಭ್ಯಾಸ ಮಾಡಿಸು. ಎದೆ ಒತ್ತುವುದನ್ನು ರೆಡ್ ಕ್ರಾಸ್‌ನವರಿಂದಲೋ ಸೇಂಟ್ ಜಾನ್ ಆಂಬುಲೆನ್ಸ್‌ನವರಿಂದಲೋ ಗೊಂಬೆಯ ಮೇಲೆ ಎಲ್ಲರಿಗೂ ಕಲಿಸು: ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ. ನಿಮ್ಮ ಕ್ಯಾಂಪಸ್ಸಿನಲ್ಲಿ ಮರಗಿಡ ಜಾಸ್ತಿ, ಹಾವೂ ಇರುತ್ತವೆ. ಕಚ್ಚಿದ ಜಾಗಕ್ಕೆ ಹಗ್ಗ ಬಿಗಿಯುವುದು, ಕುಯ್ಯುವುದು, ಬಾಯಿಂದ ಹೀರುವುದು ಯಾವುದೂ ಕೂಡದು. ಕೈಕಾಲು ಅಲುಗಾಡಿಸದೆ ಮಲಗಿಸಿ, ಹಾವಿನ ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಸಾಗಿಸಬೇಕು. ಆ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ ಬರೆದಿಡು.

ರಕ್ತದಾನ ಶಿಬಿರ ಮಾಡಬೇಕೆಂದು ಎಲ್ಲರಿಗೂ ಉತ್ಸಾಹ, ಮಾಡಿ. 18 ತುಂಬಿರಬೇಕು, 45 ಕೆ.ಜಿ. ತೂಕ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಎಷ್ಟು ಯೂನಿಟ್ ಆಯಿತು ಎಂದು ವರದಿಯಲ್ಲಿ ಬರೆಯುತ್ತೀರಿ. ನನ್ನ ಕಣ್ಣು ಯಾವಾಗಲೂ ಬೇಡವೆಂದು ವಾಪಸ್ ಕಳಿಸಿಕೊಂಡವರ ಮೇಲೆ. ಬೆರಳು ಚುಚ್ಚಿ ನೋಡಿ, ರಕ್ತ ಸಾಲದು ಹೋಗಮ್ಮ, ಅಂದರೆ ಹುಡುಗಿ ಅವಮಾನಪಟ್ಟು ತಲೆ ತಗ್ಗಿಸಿ ಹೋಗುತ್ತಾಳೆ. ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಬೆಳಿಗ್ಗೆ ತಿಂಡಿ ಬಿಟ್ಟು, ಮೆಟ್ಟಿಲು ಹತ್ತಿದರೆ ಏದುಸಿರು ಬಂದು, ಕಣ್ಣು ಕತ್ತಲಿಟ್ಟರೂ ಅದೇ ತನ್ನ ಮೈಯ ಸ್ವಭಾವ ಅಂದುಕೊಂಡ ಹುಡುಗಿಗೆ ಅದು ಕಾಯಿಲೆ ಎಂದು ತಿಳಿಯುವ ದಿನ ಆ ಶಿಬಿರದ ದಿನವೇ. ಅಲ್ಲೇ ಒಬ್ಬ ಹುಡುಗಿಯನ್ನು ಇದಕ್ಕೆಂದೇ ನಿಲ್ಲಿಸು. ವಾಪಸ್ ಹೊರಟವಳನ್ನು ಪಕ್ಕಕ್ಕೆ ಕರೆದು, ನಾಳೆ ಕೇಂದ್ರಕ್ಕೆ ಬಾ, ಡಾಕ್ಟರು ಪೂರ್ತಿ ನೋಡುತ್ತಾರೆ ಎಂದು ಮೆಲ್ಲಗೆ ಹೇಳಲಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕಾಫಿ ಟೀ ಜೊತೆ ನುಂಗಬಾರದೆಂದು ನೆನಪಿಸಲಿ, ತಿಂಗಳು ಬಿಟ್ಟು ಮತ್ತೆ ಕೇಳಲಿ. ಯೂನಿಟ್ ಲೆಕ್ಕದಷ್ಟೇ ಈ ಲೆಕ್ಕವೂ ದೊಡ್ಡದು.

ಮಾತಿನ ಅಡ್ಡಿಯನ್ನು ಹಗುರವಾಗಿ ಕಾಣಬೇಡ. ಮನೆಯಲ್ಲಿ ಮೊದಲನೆಯವನಾಗಿ ಎಂ.ಎ.ಗೆ ಬಂದ ಯಾದಗಿರಿಯ ಹುಡುಗ ಹೊಟ್ಟಿಬ್ಯಾನಿ ಅನ್ನಲು ನಾಚಿ, ಇಂಗ್ಲಿಷಿನಲ್ಲಿ ಏನು ಹೇಳಬೇಕೋ ತಿಳಿಯದೆ ಹೊರಗೇ ನಿಲ್ಲುತ್ತಾನೆ. ಅವನ ಕಡೆಯ ಮಾತಾಡುವ ಒಬ್ಬರು ನಿನ್ನ ಗುಂಪಿನಲ್ಲಿರಲಿ. ಮಣಿಪುರದವರು, ಹೊರದೇಶದವರು ಇದ್ದರೆ ಅವರಲ್ಲೂ ಒಬ್ಬರನ್ನು ಸೇರಿಸಿಕೊ. ಜಾತಿ ಕೇಳುವ, ಊರು ಕೇಳಿ ಮುಖ ಬದಲಿಸುವ ಸ್ವಯಂಸೇವಕನನ್ನು ಅದೇ ದಿನ ಮೇಜಿನಿಂದ ಎಬ್ಬಿಸು, ಎರಡನೆಯ ಅವಕಾಶ ಕೊಡಬೇಡ. ನಾನು ಕಠಿಣವಾಗಿ ಮಾತಾಡುವುದು ಇದೊಂದೇ ವಿಷಯದಲ್ಲಿ.

ನಿನ್ನ ಹುಡುಗರ ಮೈಮನಸ್ಸನ್ನೂ ನೋಡಿಕೊ. ಎರಡು ವಾರ ಬಿಡದೆ ಕೆಮ್ಮಿದರೆ ಅವರಿಗೂ ಕಫ ಪರೀಕ್ಷೆ ಆಗಬೇಕು, ಸೇವೆ ಮಾಡುವವನೆಂದು ಕ್ಷಯ ಬಿಡುವುದಿಲ್ಲ. ಭಾರವಾದ ಸಂಗತಿ ಕೇಳಿಸಿಕೊಂಡ ದಿನ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ವಾರಕ್ಕೊಮ್ಮೆ ಡಾಕ್ಟರೋ ಸಿಸ್ಟರೋ ಎಲ್ಲರ ಜೊತೆ ಅರ್ಧ ಗಂಟೆ ಕೂರುವಂತೆ ಕೇಳಿಕೊ. ಹೆಸರು ಹೇಳದೆ, ಮನಸ್ಸಿಗೆ ಕಷ್ಟವಾದದ್ದನ್ನು ಅಲ್ಲಿ ಇಳಿಸಲಿ.

ವಿದ್ಯಾರ್ಥಿಗಳ ಕೆಲಸ ಎರಡು ವರ್ಷಕ್ಕೆ ನಿಲ್ಲಲೇಬೇಕೆಂದೇನಿಲ್ಲ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ವಿವೇಕಾನಂದರ ಹೆಸರಿನಲ್ಲಿ ಯೂತ್ ಮೂವ್‌ಮೆಂಟ್ ಕಟ್ಟಿದರು. ಬಡ ರೋಗಿಗಳಿಗೆ ಔಷಧಿ ಹೊಂದಿಸುವುದು, ರಕ್ತ ಕೊಡಿಸುವುದು, ಇಂಥ ಸಣ್ಣ ಕೆಲಸಗಳಿಂದ ಹೊರಟು ಎಚ್.ಡಿ. ಕೋಟೆಯ ಕಾಡಂಚಿನ ಬುಡಕಟ್ಟಿನವರ ನಡುವೆ ಆಸ್ಪತ್ರೆ, ಶಾಲೆಗಳವರೆಗೆ ಹೋದರು. ನೀವು ಅಷ್ಟು ದೂರ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಮುಂದಿನ ಆಗಸ್ಟಿನಲ್ಲಿ ಮೇಜು ಖಾಲಿ ಇರದಂತೆ ನೋಡಿಕೊಂಡರೆ ಸಾಕು. ಅದಕ್ಕೆ ಜನವರಿಯಲ್ಲೇ ಜೂನಿಯರುಗಳಲ್ಲಿ ಇಬ್ಬರನ್ನು ಆರಿಸಿ ನಿನ್ನ ಪಕ್ಕದಲ್ಲಿ ಕೂರಿಸಿಕೊ. ಚೆನ್ನಾಗಿ ಭಾಷಣ ಮಾಡುವವರನ್ನು ಆರಿಸಬೇಡ, ಮಳೆ ಬಂದ ದಿನವೂ ಪಾಳಿಗೆ ಬಂದವರನ್ನು ಆರಿಸು. ಡಾಕ್ಟರಿಗೆ, ಫಾರ್ಮಸಿಸ್ಟಿಗೆ, ಎನ್‌ಎಸ್‌ಎಸ್ ಅಧಿಕಾರಿಗೆ, ಗೇಟಿನ ಕಾವಲುಗಾರನಿಗೆ ಅವರ ಪರಿಚಯ ಮಾಡಿಸು. ಒಂದು ನೋಟ್‌ಬುಕ್ಕಿನಲ್ಲಿ ಫೋನ್ ನಂಬರುಗಳು, ತರಬೇತಿಯ ಕ್ರಮ, ಯಾವ ತಿಂಗಳಲ್ಲಿ ಯಾವ ಕಾಯಿಲೆ ಹೆಚ್ಚು ಬಂತು, ಯಾವ ಹಾಸ್ಟೆಲಿನ ನೀರಿನ ಟ್ಯಾಂಕಿನ ತೊಂದರೆ, ಇವನ್ನೆಲ್ಲ ಬರೆ. ರೋಗಿಯ ಹೆಸರು ಒಂದೂ ಬೇಡ. ಪರೀಕ್ಷೆ ಮುಗಿದು ಊರಿಗೆ ಹೊರಡುವ ಮುಂಚೆ ಆ ಪುಸ್ತಕ ಅವರಿಗೆ ಕೊಟ್ಟು, ವಾಟ್ಸ್ಆ್ಯಪ್ ಗುಂಪನ್ನು ಅವರಿಗೆ ಒಪ್ಪಿಸಿ ನೀನು ಹೊರಗೆ ಬಾ.

ದಸರಾ ರಜೆಗೆ ಬರುತ್ತೀಯಲ್ಲ, ಡ್ಯೂಟಿ ಪಟ್ಟಿಯನ್ನೂ ತಗೊಂಡು ಬಾ. ಇಬ್ಬರೂ ಕೂತು ನೋಡೋಣ.